ಬೆಟ್ಟದ ಕಡೆಯ ಎರಡು ಎಕರೆ ಹತ್ತು ಗುಂಟೆ

ಜೂನ್ 9, ಸೋಮವಾರ. ಬೆಳಿಗ್ಗೆ ಆರೂವರೆ

ಗಿರಣಿ ಬೆಲ್ಟು ಮತ್ತೆ ಜಾರಿತು. ರಾಳ ಬಳಿದು ಕೂರಿಸಿದೆ. ಒಂದೇ ಏಟು. ಯಳಂದೂರಿನಲ್ಲಿ ಈ ಬೆಲ್ಟನ್ನು ಒಂದೇ ಏಟಿಗೆ ಕೂರಿಸುವವನು ನಾನೊಬ್ಬನೇ. ಮೆಕ್ಯಾನಿಕ್ಕಿಗೂ ಮೂರು ಸಲ ಬೇಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈ ಇದು.

ಬಾಗಿಲಲ್ಲಿ ನಿಂತೆ. ಎದುರಿಗೆ ಬಿಳಿಗಿರಿರಂಗನ ಬೆಟ್ಟ. ಅದರ ಹಿಂದಿನಿಂದ ಸೂರ್ಯ ಎದ್ದ, ದಿನದ ಹಾಗೆ. ಎರಡು ಕೊಳಗ ರಾಗಿ ಬೀಸಿದೆ.

(ಇದು ಹೋದ ವರ್ಷದ ಡೈರಿ, ಬೀಜದ ಅಂಗಡಿಯವರು ಕೊಟ್ಟದ್ದು. ಅಚ್ಚಾದ ವಾರ ಹೊಡೆದುಹಾಕಿ ಬರೆಯಬೇಕು.)

ಅದೇ ದಿನ, ಹತ್ತು ಗಂಟೆ

ವಾರಂಟ್ ಆಯಿತು! ಕೊಳ್ಳೇಗಾಲದಿಂದ ಲಾಯರ್ ಮಾಲಿನಿ ಫೋನ್ ಮಾಡಿದ್ದಳು. 12ನೇ ತಾರೀಕು ಕೋರ್ಟ್ ಅಮೀನರು ಕಾರೇಪಾಳ್ಯಕ್ಕೆ ಬರುತ್ತಾರೆ. ತಂಗಿ ಶಿವರತ್ನಮ್ಮನ ಜಮೀನು ಬಿಡಿಸಿ, ತಮಟೆ ಹೊಡೆಸಿ ಸಾರಿ, ಅವಳ ಕೈಗೆ ಕೊಡುತ್ತಾರೆ.

ಹನ್ನೊಂದು ವರ್ಷ. ಅವಳ ಗಂಡ ತೀರಿಕೊಂಡ ವರ್ಷ ಶುರುವಾದದ್ದು. ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಒಂದು ಸರ್ವೆ ನಂಬರು, ಅವನಿಗೂ ಅವನ ಅಣ್ಣನಿಗೂ ಅರ್ಧ ಅರ್ಧ. ತಮ್ಮ ಹೋದ ಮೇಲೆ ಅಣ್ಣ ದೊಡ್ಡಮಾದಪ್ಪ ಎರಡೂ ಅರ್ಧಕ್ಕೆ ನೇಗಿಲು ಹೂಡಿದ. ಕೇಳಿದರೆ, 'ತಮ್ಮ ನಂಗೇ ಬುಟ್ಟೋದ' ಅಂದ. ಅಂದಿನಿಂದ ಶಿವರತ್ನ ತನ್ನ ಹೊಲದ ಎದುರಿಗೇ ಬೇರೆಯವರ ಹೊಲಕ್ಕೆ ಕೂಲಿ. ಆದರೂ ಹಿತ್ತಿಲ ಮೂಲೆಯಲ್ಲಿ ವರ್ಷಾ ವರ್ಷ ಒಂದು ಹಿಡಿ ಅವರೆ ಹಾಕಿ ಬೀಜ ಮಾಡಿಕೊಳ್ಳುತ್ತಾಳೆ. ಯಾಕೆ ಅಂದರೆ, 'ಒಲ ಬಂದಾಗ ಬಿತ್ತಕ್ಕೆ' ಅನ್ನುತ್ತಾಳೆ.

ಗೆದ್ದದ್ದು ಹೇಗೆ? ಪೇಪರ್ ಗಟ್ಟಿ ಇದ್ದದ್ದರಿಂದ. ಪೇಪರ್ ಗಟ್ಟಿಯಾದದ್ದು ಹೇಗೆ? ನನ್ನಿಂದ. ಮೊದಲಿದ್ದ ಮುದಿ ಲಾಯರು ಜಮೀನಿನ ಚಕ್ಕುಬಂದಿ ಕೇಳಿದಾಗ ಕುರ್ಚಿಯಿಂದ ಏಳದೆ ನಾಲ್ಕು ದಿಕ್ಕಿನ ಗಡಿಯನ್ನೂ ಗಡಗಡ ಹೇಳಿದವನು ನಾನು. ಅದೇ ಇವತ್ತು ಕೋರ್ಟಿನ ಡಿಕ್ರಿಯಲ್ಲಿ ಅಚ್ಚಾಗಿದೆ.

ಜೂನ್ 11, ಬುಧವಾರ

ಟೆಂಪೋ ಹೇಳಿದೆ. ಯಳಂದೂರಿನಿಂದ ಹನ್ನೆರಡು ಜನ. ಸಾಕ್ಷಿಗೆ ಇಬ್ಬರು ಸಾಕಂತೆ. ಸಾಕ್ಷಿಗೆ ಸಾಕು, ನೋಡುವುದಕ್ಕೆ? ಹೆಂಡತಿ ಚಿಕ್ಕನಿಂಗಮ್ಮನಿಗೆ ನೂರಿಪ್ಪತ್ತು ಹೋಳಿಗೆ ಮಾಡಲು ಹೇಳಿದೆ.

"ಇನ್ನೂ ಜಮೀನೇ ಬಂದಿಲ್ಲ, ಓಳಿಗೆ ಬೇಯಿಸ್ತಾವ್ರೆ" ಅಂದಳು.

"ಬಂದಂಗೇ ಕಣೆ. ಕೋರ್ಟು ನನ್ ಬಾಯಿಂದ ಬಂದುದ್ದ ಅಚ್ಚು ಹಾಕೈತೆ."

"ನಿಮ್ ಬಾಯಿಂದ ಬಂದುದ್ದು ಅಂತ್ಲೇ ನಂಗ್ ಭಯ."

ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ. ಬಿಳಿ ಪಂಚೆ ಇಸ್ತ್ರಿಗೆ ಕೊಟ್ಟೆ.

ಜೂನ್ 12, ಗುರುವಾರ. ಸಂಜೆ

ಇವತ್ತು ಬರೆಯುವುದಿಲ್ಲ.

ಜೂನ್ 13, ಶುಕ್ರವಾರ

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ.

ನಿನ್ನೆ ಹತ್ತೂವರೆಗೆ ಅಮೀನ್ ಪ್ರಭುಸ್ವಾಮಿ ಬಂದರು. ಒಂದು ಛತ್ರಿ, ಒಂದು ಬ್ಯಾಗು. ನಗುವುದಿಲ್ಲ. ಜೊತೆಗೆ ಸರ್ವೆಯರ್, ಇಬ್ಬರು ಕಾನ್‌ಸ್ಟೇಬಲ್. ತಮಟೆ ಮುತ್ತಯ್ಯ ಸೌದೆ ಹೊತ್ತಿಸಿ ತಮಟೆ ಕಾಯಿಸುತ್ತಿದ್ದ. ದೊಡ್ಡಮಾದಪ್ಪ ಹೊಲದ ಪಕ್ಕದ ತನ್ನ ಮನೆ ಜಗುಲಿಯ ಮಂಚದ ಮೇಲೆ ಕಾಲು ನೀಡಿಕೊಂಡು, ಮದುವೆ ನೋಡುವವನ ಹಾಗೆ ಕೂತಿದ್ದ. ಊರೆಲ್ಲ ಬಂದಿತ್ತು. ನಾನು ಬಿಳಿ ಪಂಚೆಯಲ್ಲಿ ಬದುವಿನ ಮೇಲೆ ನಿಂತಿದ್ದೆ. ಎಲ್ಲ ಚೆನ್ನಾಗಿತ್ತು.

ಅಮೀನರು ಓದಿದರು: "ಸದರಿ ಸರ್ವೆ ನಂಬರಿನ ಪೂರ್ವದ ಅರ್ಧ, ಎರಡು ಎಕರೆ ಹತ್ತು ಗುಂಟೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದೊಡ್ಡಮಾದಪ್ಪನ ಜಮೀನು..." ನಿಲ್ಲಿಸಿದರು. ಅತ್ತ ನೋಡಿದರು. ಇತ್ತ ನೋಡಿದರು. ಮೊಬೈಲಿನಲ್ಲಿ ದಿಕ್ಕು ತೋರಿಸುವ ಮುಳ್ಳು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ಸುತ್ತ ತಿರುಗಿದರು.

"ಯಜಮಾನ್ರೇ, ಹಳ್ಳ ಎಲ್ಲಿದೆ?"

"ಅಲ್ಲೇ ಸಾ. ಬೆಟ್ಟದ ಕಡೆ."

"ಅದು ಪಶ್ಚಿಮ."

"ಎಲ್ಲಾದ್ರೂ ಉಂಟಾ ಸಾ! ಬೆಟ್ಟದ ಕಡೆ ಪೂರ್ವ. ಉಟ್ದಾಗ್ಲಿಂದ ನೋಡ್ತಿವ್ನಿ."

"ಈ ಚಕ್ಕುಬಂದಿ ಬರೆಸಿದ್ದು ಯಾರು?"

ಎದೆ ಮುಟ್ಟಿ ತೋರಿಸಿದೆ. "ನಾನೇ ಸಾ!"

ಹೇಳಬಾರದಿತ್ತು.

ಸರ್ವೆಯರ್ ಬಾಯಿಗೆ ಕೈ ಅಡ್ಡ ಹಿಡಿದ. ಕಾನ್‌ಸ್ಟೇಬಲ್ ಹಿಡಿಯಲಿಲ್ಲ. ಮುತ್ತಯ್ಯ ತಮಟೆ ಎತ್ತಿಕೊಂಡು ಬಂದು, "ನಾನ್ ಯಾವ್ ಕಡೆ ತಿರುಗ್ಕಂಡು ಒಡೀಲಿ ಸಾ? ಯಳಂದೂರ್ ಪೂರ್ವಕ್ಕಾ, ನಮ್ಮೂರ್ ಪೂರ್ವಕ್ಕಾ?" ಅಂದ. ಇಡೀ ಕಾರೇಪಾಳ್ಯ ನಕ್ಕಿತು. ನಾನು ಕರೆದುಕೊಂಡು ಹೋಗಿದ್ದ ಹನ್ನೆರಡು ಜನವೂ ನಕ್ಕರು. ನನ್ನ ಟೆಂಪೋದಲ್ಲಿ ಬಂದವರು!

ದೊಡ್ಡಮಾದಪ್ಪ ಮಂಚದಿಂದಲೇ ಕೂಗಿದ: "ಅಮೀನಪ್ಪಾರೇ, ಕಾಗ್ದದಲ್ಲಿ ಪೂರ್ವ ಅಂತ ಇದ್ರೆ ಪೂರ್ವದ್ದೇ ಕೊಡಿ. ನನ್ ಭಾಗ ಅದು, ಬೋರ್ ಐತೆ, ಅದಿನೆಂಟು ತೆಂಗಿನ್ ಮರ ಐತೆ. ಗಿರಣಿ ಭಾವ ಬರ್ಸವ್ನೆ ಅಂದ್ ಮ್ಯಾಲೆ ಸುಳ್ಳಾದದಾ!"

ತಮಾಷೆಗೆ ಹೇಳಿದ. ಆದರೆ ನನ್ನ ಪಕ್ಕದಲ್ಲಿದ್ದ ನಮ್ಮೂರ ಚನ್ನಬಸವ ಕಿವಿಯಲ್ಲಿ ಪಿಸುಗುಟ್ಟಿದ: "ಮಾವ, ಊಂ ಅನ್ನು. ಕೋರ್ಟ್ ಕಾಗ್ದ. ಬೋರ್ ಸಿಕ್ತದೆ."

ಡೈರಿಗೆ ಸುಳ್ಳು ಹೇಳಬಾರದು — ಎರಡು ಉಸಿರು ಯೋಚನೆ ಮಾಡಿದೆ. ಬೋರು. ಹದಿನೆಂಟು ತೆಂಗು. ಮೂರನೇ ಉಸಿರಿಗೆ ಶಿವರತ್ನ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮಡಿಲಲ್ಲಿ ಅವರೆ ಬೀಜ.

"ಅವ್ರ ಬೋರ್ ನಂಗ್ಯಾಕ್ ಸಾ? ನಂದು ಅಳ್ಳದ ಕಡೇದು. ಅದ ಕೊಡಂಗಿದ್ರೆ ಕೊಡಿ, ಇಲ್ದಿದ್ರೆ ಬರ್ಕಂಡು ಓಗಿ."

ಜೋರಾಗಿಯೇ ಹೇಳಿದಳು. ದೊಡ್ಡಮಾದಪ್ಪನ ನಗು ನಿಂತಿತು. ಎದ್ದು ಒಳಗೆ ಹೋದ.

ಅಮೀನರು ಬರೆದುಕೊಂಡರು — ಚಕ್ಕುಬಂದಿಯು ಸ್ಥಳಕ್ಕೆ ತಾಳೆಯಾಗದ ಕಾರಣ ಸ್ವಾಧೀನ ಕೊಡಲಾಗಲಿಲ್ಲ. ಛತ್ರಿ ಮಡಚಿಕೊಂಡು ಹೊರಟರು. ಹೋಳಿಗೆ? ಕಾನ್‌ಸ್ಟೇಬಲ್‌ಗಳು ನಾಲ್ಕು ನಾಲ್ಕು ತಿಂದರು. ಉಳಿದದ್ದು ಟೆಂಪೋ ಹತ್ತಿ ವಾಪಸ್ ಬಂತು.

ನನ್ನ ಅಭಿಪ್ರಾಯ: ಆ ಅಮೀನರ ಮೊಬೈಲ್ ಕೆಟ್ಟಿದೆ.

ಜೂನ್ 15, ಭಾನುವಾರ

ಇನ್ನೂ ಹೋಳಿಗೆ.

ಜೂನ್ 16, ಸೋಮವಾರ. ಕಾರೇಪಾಳ್ಯ. ಸಂಜೆ ಆರೂಮುಕ್ಕಾಲು

ಮೊಬೈಲ್ ಕೆಟ್ಟಿರುವುದನ್ನು ರುಜುವಾತು ಮಾಡಲು ಬಂದೆ. ಯಳಂದೂರು, ಕೊಳ್ಳೇಗಾಲ, ಅಲ್ಲಿಂದ ಹನೂರಿನ ಕಡೆಗೆ ಎರಡು ಬಸ್ಸು. ಶಿವರತ್ನಳ ಜಗುಲಿಯಲ್ಲಿ ಕೂತಿದ್ದೇನೆ. ನಾಲ್ಕರ ಬಸ್ಸು ಬೇಕೆಂದೇ ಬಿಟ್ಟೆ.

ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದಾನೆ.

ಬೆಟ್ಟದ ಹಿಂದೆ. ಇಳಿಯುತ್ತಿದ್ದಾನೆ!

ನಮ್ಮೂರಲ್ಲಿ ಅದೇ ಬೆಟ್ಟದಿಂದ ಏಳುತ್ತಾನೆ. ಇಲ್ಲಿ ಅದೇ ಬೆಟ್ಟಕ್ಕೆ ಇಳಿಯುತ್ತಾನೆ. ಬೆಟ್ಟ ನಡುವೆ ಇದೆ. ನಾವು ಆ ಕಡೆ, ಇವರು ಈ ಕಡೆ. ಬಸ್ಸು ಬೆಟ್ಟ ಸುತ್ತಿಕೊಂಡು ಬರುತ್ತದೆ. ನಾನು ಕಿಟಕಿ ಪಕ್ಕ ನಿದ್ದೆ ಹೊಡೆಯುತ್ತೇನೆ.

ತಂಗಿಯನ್ನು ಈ ಊರಿಗೆ ಕೊಟ್ಟು ಮೂವತ್ತೆಂಟು ವರ್ಷ. ನೂರು ಸಲ ಬಂದಿರಬಹುದು. ಇಲ್ಲಿ ಸೂರ್ಯ ಮುಳುಗುವುದನ್ನು ಒಂದು ದಿನವೂ ನೋಡಿಲ್ಲ. ಯಾವಾಗಲೂ ನಾಲ್ಕರ ಬಸ್ಸು. ಗಿರಣಿ ಇದೆ, ಗಿರಾಕಿ ಕಾಯುತ್ತಾರೆ, ನಾನಿಲ್ಲದೆ ಯಳಂದೂರಿಗೆ ಹಿಟ್ಟಿಲ್ಲ ಅಂತ...

ಶಿವರತ್ನ ಕಾಫಿ ತಂದಿಟ್ಟಳು. ನಾನು ಬೆಟ್ಟ ನೋಡುತ್ತಿರುವುದನ್ನು ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಏನು? ಒತ್ತು ಮುಳುಗೋ ಕಡೆನಾ? ಗೊತ್ತಿಲ್ದೇ ಏನಣ್ಣ."

"ಮತ್ತೆ ಯೋಳ್ಬಾರ್ದಾ?"

"ಆ ಕಾಗ್ದ ನಂಗ್ಯಾರ್ ಓದಿ ಯೋಳಿದ್ರು? ಎಲ್ಲಾ ನಮ್ಮಣ್ಣನೇ ಬರ್ಸವ್ನೆ ಅಂತ ಎಬ್ಬೆಟ್ ಒತ್ದೆ."

ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು. ಕುಡಿದೆ.

ಜೂನ್ 20, ಶುಕ್ರವಾರ

ಮಾಲಿನಿ ಆಫೀಸು. ಡಿಕ್ರಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬಹುದಂತೆ. ಜೊತೆಗೆ ದಿಕ್ಕು ಹೇಳಿದವರ ಅಫಿಡವಿಟ್ಟು. ಅಂದರೆ ನನ್ನದು.

"ಟೈಪಿಂಗ್ ಮಿಸ್ಟೇಕು ಅಂತ ಬರ್ಕಳವ್ವಾ" ಅಂದೆ. ನನ್ನ ತಮ್ಮನ ಮಗಳ ವಯಸ್ಸಿನ ಹುಡುಗಿ.

"ಟೈಪಿಸ್ಟ್ ನೀವು ಹೇಳಿದ್ದನ್ನೇ ಟೈಪ್ ಮಾಡಿರೋದು ಅಂಕಲ್. ಹಳೇ ಫೈಲಲ್ಲಿ ನಿಮ್ಮ ಹೇಳಿಕೆ ಇದೆ, ಕೆಳಗೆ ನಿಮ್ಮದೇ ಸೈನು. 'ನನಗೆ ಪೂರ್ಣ ಮಾಹಿತಿ ಇರುತ್ತದೆ' ಅಂತ ಬೇರೆ ಬರೆಸಿದೀರಿ."

ಸೈನಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ನೋಡಿದೆ.

ಕರಡು ಓದಿದಳು: '...ನಾನು ಯಳಂದೂರಿನವನಾದ್ದರಿಂದ ಬೆಟ್ಟವಿರುವ ದಿಕ್ಕನ್ನು ಪೂರ್ವವೆಂದು ಭಾವಿಸಿ ಪೂರ್ವ ಪಶ್ಚಿಮಗಳನ್ನು ಅದಲುಬದಲಾಗಿ ತಿಳಿಸಿರುತ್ತೇನೆ. ತಪ್ಪು ನನ್ನದಾಗಿರುತ್ತದೆ.'

"ಆ ಕೊನೇ ಎರಡು ಪದ ತೆಗಿ."

"ಅದೇ ಮುಖ್ಯ ಅಂಕಲ್."

ಇದರ ಒಂದು ಕಾಪಿ ದೊಡ್ಡಮಾದಪ್ಪನಿಗೂ ಹೋಗುತ್ತದಂತೆ. ಅವನು ತಕರಾರು ಹಾಕಿದರೆ ವಿಚಾರಣೆ, ಕಮಿಷನರ್, ಅಳತೆ... ಎರಡು ವರ್ಷ ಹಿಡಿಯಬಹುದು. ಹಾಕದಿದ್ದರೆ ಬೇಗ.

ಹನ್ನೊಂದು ವರ್ಷ ಜಗಳವಾಡಿದವನು ಹಾಕದೇ ಇರುತ್ತಾನೆಯೇ? ಅವನ ಕೈಗೆ ನಾನೇ ಬರೆದುಕೊಡಬೇಕಂತೆ, ತಪ್ಪು ನನ್ನದು ಅಂತ. ಅದಕ್ಕೆ ಫ್ರೇಮು ಹಾಕಿಸುತ್ತಾನೆ ಅವನು.

ನಾಳೆ ಸೈನ್ ಮಾಡುತ್ತೇನೆ ಅಂತ ಹೇಳಿ ಬಂದೆ.

ಜುಲೈ 3, ಗುರುವಾರ

ಗಿರಣಿ ಕೆಲಸ ಜಾಸ್ತಿ. ಕೊಳ್ಳೇಗಾಲಕ್ಕೆ ಹೋಗಲು ಆಗಿಲ್ಲ.

ಚಿಕ್ಕನಿಂಗಮ್ಮ: "ನಿನ್ನೆ ಮುಳ್ಳೂರಿನ ನೆಂಟ್ರ ಮನೆಗೆ ಓಗಕ್ಕೆ ಟೈಮ್ ಇತ್ತು. ಅದೂ ಕೊಳ್ಳೇಗಾಲದ ಮ್ಯಾಲೇ."

"ಅದು ಬ್ಯಾರೆ ಇಸ್ಯ."

"ಊಂ. ಅಲ್ಲಿ ತಪ್ಪಾಯ್ತು ಅನ್ನಂಗಿಲ್ಲ, ಊಟ ಮಾಡದಷ್ಟೇ."

ಎರಡು ಕೊಳಗ ಜೋಳ ಬೀಸಿದೆ.

ಜುಲೈ 6, ಭಾನುವಾರ

ಶಿವರತ್ನ ಫೋನ್ ಮಾಡಿದ್ದಳು. ಸೈನಿನ ವಿಷಯ ಎತ್ತಲೇ ಇಲ್ಲ. ಮಳೆ ಬಿದ್ದಿದೆ, ಎಲ್ಲರೂ ಉಳುತ್ತಿದ್ದಾರೆ ಅಂದಳು. ಅವರೆ ಬೀಜಕ್ಕೆ ಹುಳು ಬೀಳುವ ಹಾಗಿತ್ತಂತೆ, ಬೂದಿ ಹಾಕಿ ಉಜ್ಜಿಟ್ಟಳಂತೆ. "ಈ ಸಲ ಇತ್ಲಲ್ಲೇ ಆಕ್ಬುಡ್ತೀನಿ ಬುಡಣ್ಣ, ಮುಂದ್ಲ ವರ್ಷಕ್ಕೆ ಬೀಜ ಆಯ್ತದೆ."

ಬೈದಿದ್ದರೆ ಚೆನ್ನಾಗಿತ್ತು.

ಜುಲೈ 7, ಸೋಮವಾರ

ಸೈನ್ ಮಾಡಿದೆ. ಕೆಳಗೆ ಗೆರೆ ಎಳೆಯಲಿಲ್ಲ.

ಜುಲೈ 18, ಶುಕ್ರವಾರ. ಕೊಳ್ಳೇಗಾಲ ಬಸ್ ಸ್ಟ್ಯಾಂಡು

ಬಸ್ಸಿಗೆ ಅರ್ಧ ಗಂಟೆ ಇದೆ. ಬಿಸಿಬಿಸಿ ಇರುವಾಗಲೇ ಬರೆಯಬೇಕು.

ಕೋರ್ಟಿಗೆ ಹೋಗುವ ಮೊದಲೇ, ಹೊರಗಿನ ಟೀ ಅಂಗಡಿಯಲ್ಲಿ ದೊಡ್ಡಮಾದಪ್ಪ ಸಿಕ್ಕ. ಪಕ್ಕದಲ್ಲಿ ಅವನ ಹೆಂಡತಿ ಮಹಾದೇವಮ್ಮ. ಅವಳೂ ನಮ್ಮ ಯಳಂದೂರು ಕಡೆಯವಳೇ. ಅವನ ಅಂಗಿ ಜೇಬಿನಲ್ಲಿ ನನ್ನ ಅಫಿಡವಿಟ್ ಕಾಪಿ, ನಾಲ್ಕು ಮಡಿಕೆ.

"ಏನ್ಲಾ ಗಿರಣಿ ಭಾವ. ಇದ ಓದಿ ಯೋಳು. ನಂಗೆ ಕನ್ನಡ್ಕ ಇಲ್ಲ."

ಕನ್ನಡಕ ಅವನ ಹಣೆಯ ಮೇಲಿತ್ತು. ಟೀ ಅಂಗಡಿಯಲ್ಲಿ ಹದಿನೈದು ಜನ. ನಾನು ಕಾಗದ ತೆಗೆದುಕೊಂಡೆ. ಓದಿದೆ. ಕೊನೆಯ ಎರಡು ಪದ ನಿಧಾನಕ್ಕೆ ಬಂತು.

"ಕೇಳಿಸ್ನಿಲ್ಲ. ಇನ್ನೊಂದ್ ಸಲ."

"ತಪ್ಪು ನನ್ನದಾಗಿರುತ್ತದೆ ಕಣ್ಲಾ! ನಂದೇ! ಬೆಟ್ಟ ನೋಡ್ಕಂಡು ದಿಕ್ ಯೋಳ್ದೆ! ಸಾಕಾ?"

ಅವನು ನಗಲಿಲ್ಲ. ನಗುತ್ತಾನೆ ಅಂದುಕೊಂಡಿದ್ದೆ. ಹೆಂಡತಿಯ ಕಡೆ ತಿರುಗಿದ. "ನೋಡ್ದ? ನಿನ್ನೊಬ್ಬಳಿಗೇ ಅಲ್ಲ ಕಣೆ ಈ ಕಾಯ್ಲೆ, ನಿಮ್ಮೂರ್ಗೇ ಐತೆ." ಆಮೇಲೆ ನನಗೆ: "ನಲವತ್ ವರ್ಸ ಆಯ್ತು ಇವಳ ಕಟ್ಕಂಡು. ಇವತ್ತೂ ಬೆಳಿಗ್ಗೆ ಬಿಸ್ಲು ಅಂತ ಬೆಟ್ಟದ ಕಡೆ ಅಪ್ಪಳ ಒಣಗಾಕ್ತಾಳೆ. ಮದ್ಯಾನದ್ ಗಂಟ ನೆರಳು."

"ಒಣಗ್ತವೆ ಅಲ್ವಾ ಕೊನೇಗೆ?" ಅಂದಳು ಮಹಾದೇವಮ್ಮ. ನನ್ನ ಕಡೆ ನೋಡಿ, "ನೀವೇನ್ ಬೇಜಾರ್ ಮಾಡ್ಕಬೇಡಿ ಅಣ್ಣ. ಬೆಟ್ಟ ಇರೋ ಕಡೇನೇ ಪೂರ್ವ. ಇವ್ರೂರ್‌ನೋರು ಆ ಕಡೆ ಬಂದ್ ಕುಂತವ್ರೆ."

ಒಳಗೆ ಕೇಸು ಕೂಗಿದರು. ಜಡ್ಜ್ ಮೇಡಂ ಅರ್ಜಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಗುರುಸಿದ್ದಯ್ಯ ಅಂದರೆ ನೀವೇನಾ? ಸೂರ್ಯ ಎಲ್ಲಿ ಹುಟ್ಟುತ್ತಾನೆ?"

"ನಮ್ಮೂರಲ್ಲಿ ಬೆಟ್ಟದಲ್ಲಿ, ತಾಯಿ. ತಂಗಿ ಊರಲ್ಲಿ... ಬೋರ್ ಹತ್ರ."

ಮೇಡಂ ತಲೆ ತಗ್ಗಿಸಿ ಏನೋ ಬರೆದರು. ಬಹಳ ಹೊತ್ತು ತಗ್ಗಿಸಿಯೇ ಇದ್ದರು. ಆಮೇಲೆ ದೊಡ್ಡಮಾದಪ್ಪನನ್ನು ಕೇಳಿದರು: "ನಿಮ್ಮ ತಕರಾರು ಇದೆಯಾ?"

ಅವನ ಲಾಯರು ಎದ್ದು, "ಕಾಲಾವಕಾಶ ಬೇಕು" ಅನ್ನುತ್ತಿದ್ದ. ದೊಡ್ಡಮಾದಪ್ಪ ಅವನ ಕರೀ ಕೋಟು ಹಿಡಿದು ಎಳೆದ.

"ಏನೂ ಇಲ್ಲ ಬುದ್ಧಿ. ಅಳ್ಳದ ಕಡೇದು ನನ್ ತಮ್ಮಂದು. ಇವ್ನು ಯೋಳೋದು ದಿಟ, ನನ್ ಎಂಡ್ತಿಗೂ ಇದೇ ಕಾಯ್ಲೆ."

ಮಾಲಿನಿಯ ಪೆನ್ನು ಕೆಳಗೆ ಬಿತ್ತು.

ಹೊರಗೆ ಬಂದು ಕೇಳಿದೆ, ಯಾಕ್ಲಾ ಅಂತ. ಅವನು ಬೀಡಿ ಹುಡುಕುತ್ತಾ, ನನ್ನ ಮುಖ ನೋಡದೆ ಹೇಳಿದ: "ಅವತ್ತು ಬೋರ್ ಕೊಡ್ತೀನಿ ಅಂದಾಗ ಅವ್ಳು ಬ್ಯಾಡ ಅಂದ್ಳಲ್ಲ. ಇಡೀ ಊರ್ ಮುಂದೆ. ರಾತ್ರಿ ಊಟ ಸೇರ್ನಿಲ್ಲ ಕಣೋ." ಬೀಡಿ ಹಚ್ಚಿಕೊಂಡು, "ಅನ್ನೊಂದು ವರ್ಸದ ಕೆಳಗೆ ನೀನು ತಿಥಿ ಮನೇಲಿ ನಿಂತ್ಕಂಡು, ತಮಟೆ ಒಡ್ಸಿ ಓಡುಸ್ತೀನಿ ಅಂದಲ್ಲ, ಅವತ್ತು ಬಾಯ್ ಮುಚ್ಕಂಡಿದ್ದಿದ್ರೆ ಅವತ್ತೇ ಬುಟ್ಕೊಡ್ತಿದ್ದೆ."

ಹಾಗಂದಿದ್ದೆನೇ? ...ಅಂದಿದ್ದೆ.

ಬಸ್ಸು ಬಂತು.

ಜುಲೈ 31, ಗುರುವಾರ

ತಿದ್ದುಪಡಿ ಆರ್ಡರ್ ಆಯಿತು. ಹೊಸ ವಾರಂಟ್ ಆಗಸ್ಟ್ 14ಕ್ಕೆ. ಯಳಂದೂರಿನಲ್ಲಿ ಯಾರಿಗೂ ಹೇಳಿಲ್ಲ. ಚನ್ನಬಸವನಿಗೆ ಮಾತ್ರ ಹೇಳಿದೆ. ಆದ್ದರಿಂದ ಎಲ್ಲರಿಗೂ ಗೊತ್ತು. ಗಿರಣಿಗೆ ಬರುವವರೆಲ್ಲ, "ಗುರುಸಿದ್ದಣ್ಣ, ಇಟ್ಟು ಪೂರ್ವಕ್ಕೆ ಬೀಳ್ತದಾ ಪಶ್ಚಿಮಕ್ಕಾ?" ಅಂತ ಕೇಳುತ್ತಾರೆ. ಕೇಳಲಿ. ಅವರ ಹಿಟ್ಟು ದಪ್ಪಕ್ಕೆ ಬೀಸಿ ಕಳಿಸುತ್ತಿದ್ದೇನೆ.

ಆಗಸ್ಟ್ 14, ಗುರುವಾರ. ಕಾರೇಪಾಳ್ಯ. ಸಂಜೆ ಐದೂವರೆ

ಹಳ್ಳದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಈ ಸಲ ಟೆಂಪೋ ಇಲ್ಲ. ನಾನು, ಚಿಕ್ಕನಿಂಗಮ್ಮ, ಎರಡು ಬಸ್ಸು. ಹೋಳಿಗೆ ಮೂವತ್ತು ಮಾತ್ರ.

ಅದೇ ಛತ್ರಿ, ಅದೇ ಬ್ಯಾಗು. ಅಮೀನರು ಓದಿದರು: ಪಶ್ಚಿಮದ ಅರ್ಧ, ಪಶ್ಚಿಮಕ್ಕೆ ಹಳ್ಳ. ಆಮೇಲೆ ಕೇಳಿದರು, "ಗಡಿ ತೋರಿಸೋರು ಯಾರು?"

ಎಲ್ಲರೂ ನನ್ನನ್ನು ನೋಡಿದರು. ಮುತ್ತಯ್ಯ ತಮಟೆ ಕೆಳಗಿಟ್ಟು ಕೈ ಕಟ್ಟಿಕೊಂಡ. ನಾನು ಶಿವರತ್ನಳ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದೆ. "ಅವಳೇ ತೋರುಸ್ತಾಳೆ ಸಾ. ನಂಗೆ ಪೂರ್ಣ ಮಾಹಿತಿ ಇಲ್ಲ."

ಅಮೀನ್ ಪ್ರಭುಸ್ವಾಮಿ ನಕ್ಕರು. ಹಲ್ಲು ಕಂಡಿತು.

ಅವಳು ನಡೆದಳು. ಬರಿಗಾಲು. ಹಳ್ಳದ ಹೊಂಗೆಯಿಂದ ಮೂಲೆ ಕಲ್ಲಿಗೆ, ಅಲ್ಲಿಂದ ನಡು ಬದುವಿಗೆ, ಬದುವಿನುದ್ದ, ತಿರುಗಿ ಹಳ್ಳಕ್ಕೆ. ಕಲ್ಲು ಪೊದೆಯಲ್ಲಿ ಮುಚ್ಚಿಹೋಗಿತ್ತು. ನೋಡದೆಯೇ ಕಾಲಿಂದ ಪೊದೆ ಸರಿಸಿ ತೋರಿಸಿದಳು. ಹಿಂದೆ ಛತ್ರಿ, ಅದರ ಹಿಂದೆ ಸರ್ವೆಯರ್ ಚೈನು, ಅದರ ಹಿಂದೆ ಮುತ್ತಯ್ಯನ ತಮಟೆ. ಎಂಥ ಹೊಡೆತ! ಹಳ್ಳದ ಕೊಕ್ಕರೆಗಳೆಲ್ಲ ಎದ್ದುಹೋದವು. ಅಮೀನರು ಒಂದು ಹಿಡಿ ಮಣ್ಣು ತೆಗೆದು ಅವಳ ಕೈಗೆ ಹಾಕಿದರು. ಅವಳು ಅಳುತ್ತಾಳೆ ಅಂದುಕೊಂಡೆ. ಮಣ್ಣು ಹಿಸುಕಿ ನೋಡಿ, "ಅದ ಐತೆ. ಇವತ್ತೇ ಬಿತ್ಬೌದು" ಅಂದಳು.

ಹದ ಯಾಕಿದೆ ಅಂದರೆ — ಹೊಲ ಉತ್ತಿತ್ತು. ದೊಡ್ಡಮಾದಪ್ಪ ಉತ್ತಿದ್ದ, ಬಿತ್ತಿರಲಿಲ್ಲ. ಕೇಳಿದರೆ, "ಟ್ರ್ಯಾಕ್ಟರ್ ಡ್ರೈವರ್ ಯಳಂದೂರೋನು ಕಣ್ಲಾ. ಪೂರ್ವದ್ ಉಳು ಅಂದೆ, ಇಲ್ಲಿಗ್ ಬಂದು ಉತ್ಬುಟ್ಟ" ಅಂದ. ಮಂಚದ ಮೇಲೆ ಕೂತು ನಾಲ್ಕನೇ ಹೋಳಿಗೆ ತಿನ್ನುತ್ತಿದ್ದಾನೆ. ಚಿಕ್ಕನಿಂಗಮ್ಮ ತುಪ್ಪ ಬಡಿಸುತ್ತಿದ್ದಾಳೆ — ನನಗೆ ಅಷ್ಟು ಹಾಕಿದವಳಲ್ಲ.

ನಾಲ್ಕರ ಬಸ್ಸು ಹೋಯಿತು. ಹೋಗಲಿ. ಗಿರಣಿಗೆ ಎರಡು ದಿನ ಬೀಗ. ಯಳಂದೂರಿನವರು ಉಪ್ಪಿಟ್ಟು ತಿನ್ನಲಿ.

ಸೂರ್ಯ ಬೆಟ್ಟದ ಹತ್ತಿರ ಬಂದಿದ್ದಾನೆ. ಪಶ್ಚಿಮ. ಇದನ್ನು ಬರೆದಿಟ್ಟುಕೊಂಡಿದ್ದೇನೆ.

ಈಗ, ಊರಿಗೆ ಹೋದ ಮೇಲೆ ಗಿರಣಿಯಲ್ಲಿ ಹೇಗೆ ಹೇಳುವುದು ಅಂತ ಯೋಚಿಸಬೇಕು. ಸುಮ್ಮನೆ ಆಯಿತು ಅಂದರೆ ಸಪ್ಪೆ. ನನ್ನ ತಲೆಗೆ ಬಂದಿರುವುದು ಹೀಗೆ: ಆ ದೊಡ್ಡಮಾದಪ್ಪನ ಮನಸ್ಸು ಕೋರ್ಟಿನಿಂದ ಕರಗುವುದಲ್ಲ ಅಂತ ನನಗೆ ಹನ್ನೊಂದು ವರ್ಷದ ಹಿಂದೆಯೇ ಗೊತ್ತಿತ್ತು. ಅದಕ್ಕೇ ಮುದಿ ಲಾಯರ ಮುಂದೆ ಪೂರ್ವ ಪಶ್ಚಿಮವನ್ನು ನಾನು ಬೇಕೆಂದೇ —

ಶಿವರತ್ನ ಕೂಗುತ್ತಿದ್ದಾಳೆ. ಮಡಿಲು ತುಂಬ ಅವರೆ. "ಅಣ್ಣೋ, ಬರ್ದಿದ್ದು ಸಾಕು ಬಾ! ಮೊದಲ್ನೇ ಸಾಲು ನೀನೇ ಇಡ್ಕೊ. ಬೆಟ್ಟದ ಕಡೆಯಿಂದ!"

ಬಂದೆ. ಎಂಥ ನೇರ ಸಾಲು ಹಿಡಿಯುತ್ತೇನೆ ನೋಡಲಿ ಎಲ್ಲರೂ, ಕಾರೇಪಾಳ್ಯದಲ್ಲಿ ಇಷ್ಟು ನೇರ ಸಾಲನ್ನು ಇದುವರೆಗೆ ಯಾರೂ —